ಭೂಮಿಕಾಗೆ ತೂಕ ಬಂದ ದಿನ

ಎಲ್ಲ ಮಕ್ಕಳಂತೆ ಭೂಮಿಕಾಳೂ ತೂಕವಿಲ್ಲದೆಯೇ ಹುಟ್ಟಿದ್ದಳು. ಉಳಿದವರ ಮಕ್ಕಳು ಆಡಿ ಕುಣಿದು ತೂಕ ಗಳಿಸಿ ನೆಲಕ್ಕಿಳಿದವು. ಕಸ್ತೂರಿ ಮಾತ್ರ, ಬಿದ್ದು ಗಾಯ ಮಾಡಿಕೊಂಡಾಳೆಂದು ಹೆದರಿ, ಮಗಳನ್ನು ಸೆರಗಿಗೆ ಗಂಟು ಹಾಕಿಕೊಂಡೇ ಸಾಕಿದ್ದಳು. ಅಂಗನವಾಡಿಯಲ್ಲಿ ಗಂಟು ಬಿಚ್ಚಿದ್ದೇ ತಡ, ಭೂಮಿಕಾ ಹೋಗಿ ಛಾವಣಿಗೆ ಅಂಟಿಕೊಂಡಳು.

"ಅಕ್ಕೋರ, ಮೊದಲ ಫ್ಯಾನ್ ಬಂದ್ ಮಾಡ್ರಿ!" ಎಂದು ಕಸ್ತೂರಿ ಚೀರಿದಳು.

ಟೀಚರ್ ನೀಲಮ್ಮ ಫ್ಯಾನ್ ಆರಿಸಿ ಮೇಲೆ ನೋಡಿದರು. "ಅಂಜಬ್ಯಾಡವ್ವಾ. ಅಲ್ಲೇ ಕಪ್ಪಿ ಹಂಗ ಜಿಗದಾಡು."

ಕೆಳಗಿನ ಮಕ್ಕಳೆಲ್ಲ ಕಪ್ಪೆಗಳಾದರು. ಅವರನ್ನು ನೋಡಿ ಭೂಮಿಕಾಳೂ ತಲೆಕೆಳಗಾಗಿ ಛಾವಣಿಯ ಮೇಲೆ ಕುಪ್ಪಳಿಸತೊಡಗಿದಳು. ಕುಪ್ಪಳಿಸಿದಷ್ಟೂ ಮೈ ಭಾರವಾಗಿ, ಕೊನೆಗೆ ದೊಪ್ಪನೆ ಅವ್ವನ ತೋಳಿಗೆ ಬಿದ್ದಳು.

ಕಸ್ತೂರಿ ಅವಳನ್ನು ಕಂಕುಳಲ್ಲಿ ಎತ್ತಿಕೊಂಡೇ ಮನೆಗೆ ಹೊರಟಳು. ದಾರಿಯಲ್ಲಿ ಸಿಕ್ಕವರಿಗೆಲ್ಲ, "ನನ್ನ ಸೊಂಟಾ ಮುರದ ಹೋತ್ರಿ!" ಎಂದು ಹಿಗ್ಗಿ ಹಿಗ್ಗಿ ಹೇಳಿದಳು.