ಕೆಂಪು ಪಟ್ಟಿ

“ಏನಮ್ಮಾ, ಬಾಟಲಿಗೆ ಗಾಯ ಆಗಿದೆಯಾ? ಪಟ್ಟಿ ಕಟ್ಟಿದೀಯಲ್ಲ!” ಎಂದು ನಿವೃತ್ತ ಮೇಷ್ಟ್ರು ನಕ್ಕರು.

“ಇನ್ನೂ ಯಾರಿಗೂ ಆಗಿಲ್ಲ ಮೇಷ್ಟ್ರೇ. ಆಗಬಾರದು ಅಂತಾನೇ ಕಟ್ಟಿದ್ದು,” ಎಂದಳು ಅಡುಗೆಯಾಕೆ.

ಅದು ನಿಂಬೆ ಶರಬತ್ತಿನ ಹಳೆಯ ಬಾಟಲಿ. ಕಕ್ಕಸು ತೊಳೆಯುವ ಆಸಿಡ್ಡಿನ ಕ್ಯಾನು ಭಾರವೆಂದು ಮೇಷ್ಟ್ರು ಸ್ವಲ್ಪ ಆಸಿಡ್ಡನ್ನು ಇದಕ್ಕೆ ಸುರಿದು, ‘ಅಪಾಯ’ ಎಂದು ದುಂಡಗೆ ಬರೆದ ಚೀಟಿ ಅಂಟಿಸಿ, ಅಡುಗೆಮನೆಯ ಗೂಡಿನಲ್ಲಿ ನಿಜವಾದ ಶರಬತ್ತಿನ ಪಕ್ಕದಲ್ಲೇ ಇಟ್ಟಿದ್ದರು. ಓದು ಬಾರದ ಅಡುಗೆಯಾಕೆ ತನ್ನ ಹಳೆಯ ಸೀರೆಯ ಕೆಂಪು ಚೂರೊಂದನ್ನು ಅದರ ಕತ್ತಿಗೆ ಬಿಗಿದಿದ್ದಳು.

“ಪಟ್ಟಿ ಗಿಟ್ಟಿ ಎಲ್ಲ ಹೆಬ್ಬೆಟ್ಟಿನವರಿಗೆ. ಓದಿದವರ ಮನೇಲಿ ಅಕ್ಷರ ಸಾಕು.” ಮೇಷ್ಟ್ರು ಅದನ್ನು ಬಿಚ್ಚಿ ಅವಳ ಕೈಗೇ ಕೊಟ್ಟು, ಬರೆಯಲು ಕುಳಿತರು. ಭಾನುವಾರ ಬಡಾವಣೆಯ ಸಂಘದಲ್ಲಿ ಅವರ ಭಾಷಣ: ‘ಮನೆಯೇ ಸುರಕ್ಷತೆಯ ಮೊದಲ ಪಾಠಶಾಲೆ’.

ಮಧ್ಯಾಹ್ನ ಮೊಮ್ಮಗಳು ಆಡಿ ದಣಿದು ಬಂದು ಶರಬತ್ತು ಕೇಳಿದಳು. ಮೇಷ್ಟ್ರ ಕನ್ನಡಕ ಭಾಷಣದ ಹಾಳೆಗಳ ಮೇಲೆಯೇ ಉಳಿದಿತ್ತು. ಗೂಡಿಗೆ ಕೈಹಾಕಿ, ಲೋಟಕ್ಕೆ ಬಗ್ಗಿಸಿ, “ತಗೋ ಪುಟ್ಟಿ, ಗಟಗಟ ಕುಡಿ,” ಎಂದರು.

ಬಟ್ಟೆ ಒಣಹಾಕಿ ಒಳಬಂದ ಅಡುಗೆಯಾಕೆಗೆ ಕಟ್ಟೆಯ ಮೇಲೆ ಚೀಟಿಯಿದ್ದ ಬಾಟಲಿ ಕಂಡಿತು. ಓಡಿಬಂದು ಲೋಟ ಕಿತ್ತುಕೊಂಡಳು. ಲೋಟದಲ್ಲಿದ್ದುದು ಅವಳ ಬಲಗೈ ಮೇಲೆ ಚೆಲ್ಲಿ ನೆಲಕ್ಕೆ ಸುರಿಯಿತು.

“ಬುದ್ಧಿ ಇದೆಯಾ ನಿಂಗೆ? ಮಗು ಬಾಯಿಂದ...” ಎಂದು ಗದರಿದ ಮೇಷ್ಟ್ರು, ಕಲ್ಲಿನ ನೆಲ ಬುಸುಗುಟ್ಟಿ ನೊರೆಯೇಳುವುದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

ಅವಳು ಎಡಗೈಯಿಂದ ಮಗುವಿನ ಗದ್ದವೆತ್ತಿ, “ಕುಡೀಲಿಲ್ಲ ತಾನೇ ಕಂದಾ? ಬಾಯಿ ತೆಗಿ, ಆ ಅನ್ನು,” ಎಂದಳು. ತುಟಿ, ನಾಲಿಗೆ ನೋಡಿದಳು. ಆಮೇಲೆ ತನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ತಿರುಗದೆಯೇ ಹೇಳಿದಳು: “ಕನ್ನಡಕ ಇಲ್ದೇ ಇದ್ರೆ ನೀವೂ ಹೆಬ್ಬೆಟ್ಟೇ ಮೇಷ್ಟ್ರೇ.”

ಭಾನುವಾರ ಮೇಷ್ಟ್ರು ವೇದಿಕೆಯ ಮೇಲೆ ಬಾಟಲಿಯೊಂದನ್ನು ಎತ್ತಿ ಹಿಡಿದರು. ಕತ್ತಿಗೆ ಹೊಸ ಕೆಂಪು ರಿಬ್ಬನ್ನು. ಬಾಟಲಿ ಮಾತ್ರ ಅದೇ ಶರಬತ್ತಿನದು. “ಇದು ನನಗೇ ಹೊಳೆದ ಒಂದು ಸಣ್ಣ ಉಪಾಯ. ಓದು ಬಾರದವರಿಗೂ ತಿಳಿಯಲಿ ಅಂತ!”

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಹಿಂದೆ ಚಹಾದ ಮೇಜಿನ ಬಳಿ ನಿಂತಿದ್ದ ಅಡುಗೆಯಾಕೆ ತಟ್ಟಲಿಲ್ಲ. ಅವಳ ಬಲಗೈಗೆ ಬಿಳಿ ಪಟ್ಟಿ ಸುತ್ತಿತ್ತು; ಎಡಗೈಯನ್ನು ಮೊಮ್ಮಗಳು ತನ್ನೆರಡೂ ಕೈಯಿಂದ ಹಿಡಿದುಕೊಂಡಿದ್ದಳು.