ಹೋದ ವರ್ಷದ ಸೊಪ್ಪು

ರಾಜೇಂದ್ರ ಸೈಕಲ್ ಒರಗಿಸಿ, ಎರಡು ಸೊಪ್ಪು ಕೊಯ್ದು, ದೈವದ ಕಲ್ಲಿನ ಮುಂದೆ ಬಗ್ಗಿದ. ಕೊಲ್ಲೂರಿನ ಮೇಲಿನ ಈ ಜಲ್ಲಿದಾರಿ ಹಿಡಿದವರು ಆಳಿಗೊಂದರಂತೆ ಈ ಕಲ್ಲಿಗೆ ಸೊಪ್ಪಿಟ್ಟೇ ಮುಂದೆ ಹೋಗಬೇಕು. ಹೋದ ವರ್ಷ ಗೆಳೆಯ ಪ್ರೇಮಾನಂದ ಇಲ್ಲಿ ಸೊಪ್ಪಿಡಲು ಸೈಕಲ್ ಇಳಿಯಹೊರಟಾಗ, “ವಾಪಾಸ್ ಬಪ್ಪತಿಗೆ ಹಾಕುವ, ಬಾ ಮಾರಾಯ” ಎಂದು ನಕ್ಕು ಅವಸರಪಡಿಸಿದವನು ಇವನೇ. ಮುಂದಿನ ತಿರುವಿನಲ್ಲೇ ಪ್ರೇಮಾನಂದ ಸೈಕಲ್ ಸಮೇತ ಕಮರಿಗೆ ಬಿದ್ದು ತೀರಿಕೊಂಡಿದ್ದ.

“ಹ್ವಾಯ್, ಒಬ್ರೇ ಇದ್ರಿ, ಎರಡ್ ಎಂತಕೆ?” ಸೌದೆಹೊರೆ ಇಳಿಸಿ ಕೂತಿದ್ದ ಮುದುಕಿ ಕೇಳಿದಳು.

“ಒಂದ್ ನನ್ ದೋಸ್ತಿದ್ ಅಮ್ಮ. ಹೋದ್ ವರ್ಷ ನಾನೇ ಹಾಕುಕ್ ಬಿಡ್ಲಿಲ್ಲ.”

“ಹಾಂಗಾರೆ ಒಂದೇ ಸಾಕ್. ಈಗಷ್ಟೇ ಸೈಕಲ್ಲಗೆ ಒಬ್ರ್ ಬಂದ್ರ್. ‘ಹೋದ್ ವರ್ಷದ್ದ್’ ಅಂದ್ಕಂಡ್ ಹಾಕಿ ಹೋದ್ರ್.”

ರಾಜೇಂದ್ರ ಇನ್ನೂ ಏನೂ ಇಡದ ಕಲ್ಲಿನ ಮೇಲೆ, ಒಣಗಿದವುಗಳ ನಡುವೆ, ಒಂದೇ ಒಂದು ಹಸಿ ಸೊಪ್ಪಿತ್ತು. ಅದರ ತೊಟ್ಟಿನಿಂದ ಹಾಲು ಇನ್ನೂ ಒಸರುತ್ತಿತ್ತು.