ಪ್ರಕಟವಾದ ದಿನದಿಂದ

"ಇನ್ನೂ ಅಚ್ಚಾಗಿಲ್ವಾ ಸಾರ್?"

ಬೆಳಗಿನಿಂದ ಇದು ಆರನೇ ಸಲ. ಕರಡು ತಿದ್ದುವವರು ತಲೆಯೆತ್ತಲಿಲ್ಲ. ಸರಕಾರಿ ಮುದ್ರಣಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ತಪ್ಪು ಹೆಕ್ಕಿ ಹೆಕ್ಕಿ ಅವರ ಕಣ್ಣು ಸೋತಿದ್ದವು, ತಾಳ್ಮೆಯೂ ಸೋತಿತ್ತು. ಬಾಗಿಲ ಬಳಿ ಬೆಂಚಿನ ಮೇಲೆ ಕೂತ ಮುದುಕ ಮಾತ್ರ ಜಪ್ಪಯ್ಯ ಅಂದರೂ ಕದಲುವಂತಿರಲಿಲ್ಲ.

ಮೇಜಿನ ಮೇಲಿದ್ದದ್ದು ಗಲ್ಲುಶಿಕ್ಷೆಯನ್ನು ರದ್ದುಮಾಡುವ ಕಾಯ್ದೆ. ಮೇಲಿನವರ ಸಹಿ ನಿನ್ನೆಯೇ ಬಿದ್ದಿತ್ತು. ಆದರೆ ಗೆಜೆಟ್ಟಿನಲ್ಲಿ ಅಚ್ಚಾಗಿ, ಮೊದಲ ಪ್ರತಿ ಮಾರಾಟದ ಕಿಟಕಿಗೆ ಬರುವ ತನಕ ಅದು ಬರೀ ಕಾಗದ. ಕಿಟಕಿ ಮುಚ್ಚುವುದು ಐದಕ್ಕೆ. ನಾಳೆ ಬೆಳಿಗ್ಗೆ ಆರಕ್ಕೆ ಜೈಲಿನಲ್ಲಿ ಇಪ್ಪತ್ತಮೂರು ವರ್ಷದ ಒಬ್ಬ ಕೈದಿಯ ಗಲ್ಲಿನ ಸರದಿ.

"ಅವನನ್ನ ನೋಡಿದ್ರಾ?" ಮನಸ್ಸು ತಡೆಯದೆ ಕೇಳಿದರು.

"ನಿನ್ನೆ ನೋಡ್ದೆ. ಐವತ್ತೆರಡು ಕೆಜಿಗೆ ಇಳಿದಿದಾನೆ." ಮುದುಕ ಅಂಗೈ ಉಜ್ಜಿಕೊಂಡ. "ಮೂರು ದಿನದಿಂದ ನನಗೂ ಅನ್ನ ಸೇರ್ತಿಲ್ಲ. ನನ್ನ ಕೈಲಿ ಆಗಲ್ಲ ಸಾರ್ ಇದು."

ಹೆತ್ತ ಕರುಳು, ತೂಕವನ್ನೂ ನೆನಪಿಟ್ಟಿದೆ ಎಂದುಕೊಂಡರು. ಪಾಪ ಅನ್ನಿಸಿತು. ಕೊನೆಯ ಕರಡನ್ನು ಅವನಿಗಾಗಿ ಮತ್ತೊಮ್ಮೆ ಓದಿದರು.

ಒಂದು ಸಾಲಿನ ಮೇಲೆ ಬೆರಳು ನಿಂತಿತು. 'ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಜಾರಿಗೆ ಬರತಕ್ಕದ್ದು.'

ಮೂಲದಲ್ಲಿದ್ದದ್ದು 'ಪ್ರಕಟವಾದ ದಿನದಿಂದ' ಎಂದು. ಕಾಯ್ದೆಗಳೆಲ್ಲ ಸಾಮಾನ್ಯವಾಗಿ ಒಂದನೇ ತಾರೀಖಿಗೇ ಜಾರಿಯಾಗುವುದು. ಅಚ್ಚಿನ ಮೊಳೆ ಜೋಡಿಸುವವನ ಬೆರಳು ಮೂಲ ನೋಡದೆ ಅದನ್ನೇ ಜೋಡಿಸಿತ್ತು. ಎರಡು ಸಲ ಸರಿಯಿದೆ ಎಂದು ಗೀಚಿದವರು ಇವರೇ.

"ಏನಯ್ಯಾ, ಸಂಬಳದ ದಿನ ಬಿಟ್ರೆ ಬೇರೆ ತಾರೀಖೇ ಗೊತ್ತಿಲ್ವಾ ನಿನಗೆ?"

ಮೊಳೆ ಜೋಡಿಸುವವನು ನಾಲಿಗೆ ಕಚ್ಚಿಕೊಂಡ. ಗಂಟೆ ನಾಲ್ಕೂಕಾಲು. ಆ ಸಾಲನ್ನು ಕಿತ್ತು ಹೊಸದಾಗಿ ಜೋಡಿಸಿದ್ದಾಯಿತು. ಯಂತ್ರ ಎರಡು ಸಲ ಕಾಗದ ನುಂಗಿತು, ಎರಡು ಸಲ ಬೈಸಿಕೊಂಡಿತು. ಐದಕ್ಕೆ ನಾಲ್ಕು ನಿಮಿಷವಿರುವಾಗ ಕರಡು ತಿದ್ದುವವರೇ ಹಸಿ ಮಸಿಯ ಪ್ರತಿಗಳನ್ನು ಹಿಡಿದು, ಮೊಣಕಾಲು ನೋವನ್ನೂ ಮರೆತು ಕಿಟಕಿಗೆ ಓಡಿದರು. ಮೊಹರು ಬಿತ್ತು. ಒಂದು ಪ್ರತಿಯನ್ನು ಬೆಂಚಿಗೆ ತಂದರು.

"ತಗೊಳ್ಳಿ ಯಜಮಾನ್ರೇ, ಜಾರಿಗೆ ಬಂತು. ನಿಮ್ಮ ಮಗ ಉಳಿದ."

ಮುದುಕ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅವರು ಪಕ್ಕದಲ್ಲೇ ಕೂತು ಅವನ ಬೆನ್ನು ಸವರಿದರು. ಸ್ವಲ್ಪ ಹೊತ್ತಿನ ಮೇಲೆ ಅವನು ಕಣ್ಣೊರೆಸಿಕೊಂಡ.

"ನನಗೆ ಮಕ್ಕಳಿಲ್ಲ ಸಾರ್. ನಾಳೆ ಅವನ ಕೊರಳಿಗೆ ಹಗ್ಗ ಹಾಕಬೇಕಾಗಿದ್ದವನು ನಾನು."